ಹದಿನೇಳನೇ ವಾರ್ಡಿನಲ್ಲಿ ಶತ್ರುಗಳಿಲ್ಲ

ಐವತ್ತಮೂರು ವರ್ಷದ ಹೆಂಗಸೊಬ್ಬಳು ಭಾನುವಾರ ಬೆಳಿಗ್ಗೆ ಸೋಫಾದ ಮೇಲೆ ಕಾಲು ಮಡಿಸಿ ಕೂತು, ಪ್ಲಾಸ್ಟಿಕ್ ಬಂದೂಕು ಹಿಡಿದು, ಟೀವಿಯೊಳಗಿನ ಪಿಶಾಚಿಗಳಿಗೆ ಗುಂಡು ಹೊಡೆಯುತ್ತಾಳೆ ಎಂದರೆ ನಗುವವರು ನಗಲಿ. ಪ್ರೂಫಕ್ಕ ಅದಕ್ಕೆಲ್ಲ ಸೊಪ್ಪು ಹಾಕುವವಳಲ್ಲ. ಸ್ವಂತ ತಂಗಿಯೇ ಬಂದು, "ಈ ವಯಸ್ಸಲ್ಲಿ ಇದೇನೇ ಅಕ್ಕ ನಿನ್ನ ಹುಡುಗಾಟ? ನೋಡಿದವರು ಏನಂದ್ಕೋತಾರೆ?" ಎಂದು ಕೇಳಿದಾಗ, "ನೋಡಿದವರು ಬಂದು ಪಕ್ಕದಲ್ಲಿ ಕೂತ್ಕೊಳ್ಳಲಿ, ಇನ್ನೊಂದು ಬಂದೂಕಿದೆ," ಎಂದವಳು. ತಂಗಿ ಆ ಮಾತನ್ನು ಮತ್ತೆ ಎತ್ತಲಿಲ್ಲ. ತಂಗಿಯ ಗಂಡ ಮಾತ್ರ ಒಂದು ಸಲ ಕೂತು ಆಡಿ, ಮೂರು ನಿಮಿಷದಲ್ಲಿ ನಾಲ್ಕು ಬಾರಿ ಸತ್ತು, ಕೊಟ್ಟ ಟೀಯನ್ನೂ ಕುಡಿಯದೆ ಎದ್ದು ಹೋದ.

ಅವಳ ಕಸುಬು ಕರಡು ತಿದ್ದುವುದು, ಅಂದರೆ ಪ್ರೂಫ್ ನೋಡುವುದು; ಆ ಹೆಸರು ಬಂದದ್ದೂ ಅದರಿಂದಲೇ. ಇಪ್ಪತ್ತಾರು ವರ್ಷದಿಂದ ಒಂದೇ ವಾರಪತ್ರಿಕೆ, ಮೂರನೇ ಮಹಡಿಯಲ್ಲಿ ಲಿಫ್ಟಿನ ಪಕ್ಕದ ಅದೇ ಮೇಜು. ಲಿಫ್ಟು ಏರಿ ಇಳಿದಾಗಲೆಲ್ಲ ಮೇಜಿನ ಮೇಲಿನ ಲೋಟ ಅಲುಗುತ್ತದೆ. ಬೇರೆಯವರು ಬರೆದದ್ದನ್ನು ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಓದುವುದು, ತಪ್ಪು ಕಂಡಲ್ಲಿ ಕೆಂಪು ಗೆರೆ ಎಳೆಯುವುದು. ಇಷ್ಟು ವರ್ಷ ಈ ಕೆಲಸ ಮಾಡಿದವರಿಗೆ ಒಂದು ರೋಗ ಅಂಟಿಕೊಳ್ಳುತ್ತದೆ. ಔಷಧಿ ಅಂಗಡಿಯ ಬೋರ್ಡು, ಬಸ್ಸಿನ ಟಿಕೆಟ್ಟು, ಸೋಪಿನ ಪೊಟ್ಟಣ, ಯಾವುದನ್ನೂ ಪೂರ್ತಿ ಓದದೆ ಬಿಡಲಾಗುವುದಿಲ್ಲ. ಪ್ರೂಫಕ್ಕನಿಗೂ ಅದು ಅಂಟಿತ್ತು, ವಾಸಿಯಾಗಲಿ ಎಂದು ಅವಳು ಬಯಸಿದ್ದೂ ಇಲ್ಲ.

ಆಟದ ಅಂಕಣ ಅವಳ ಕೈಗೆ ಬಂದದ್ದು ಒಂದು ಜಗಳದಿಂದ. ಆರು ವರ್ಷದ ಹಿಂದೆ ಪತ್ರಿಕೆಯಲ್ಲಿ ವಿಡಿಯೋ ಗೇಮ್ ವಿಮರ್ಶೆ ಬರೆಯುತ್ತಿದ್ದವನೊಬ್ಬನಿದ್ದ. ಮಾತೆತ್ತಿದರೆ ಅದ್ಭುತ, ಅಮೋಘ, ಆಡಲೇಬೇಕಾದದ್ದು. ಅವನ ಕರಡು ತಿದ್ದಿ ತಿದ್ದಿ ಪ್ರೂಫಕ್ಕನಿಗೆ ಒಂದು ಅನುಮಾನ ಹುಟ್ಟಿತು. ಹತ್ತು ಹಂತದ ಆಟವಾಗಲಿ ಇಪ್ಪತ್ತು ಹಂತದ್ದಾಗಲಿ, ಅವನ ಬರಹ ಎರಡನೇ ಹಂತ ದಾಟುತ್ತಿರಲಿಲ್ಲ. ಒಂದು ದಿನ ಸಂಪಾದಕರ ಮುಂದೆ, ಅವನೂ ನಿಂತಿರುವಾಗಲೇ ಹೇಳಿಬಿಟ್ಟಳು: "ಸಾರ್, ಇವರು ಆಟ ಮುಗಿಸ್ದೇನೇ ಬರೀತಾರೆ. ಮದುಮಗಳ ಮುಖ ನೋಡ್ದೆ ಸೀರೆ ಹೊಗಳಿದ ಹಾಗೆ."

ಅವನು ಕೆಂಡವಾದ. "ಹಾಗಾದ್ರೆ ನೀವೇ ಬರೀರಿ ನೋಡೋಣ."

"ಬರೀತೀನಿ."

ಆಗ ಅವಳಿಗೆ ಆಟದ ಗುಂಡಿ ಯಾವುದು, ಕಡ್ಡಿ ಯಾವುದು ಒಂದೂ ಗೊತ್ತಿರಲಿಲ್ಲ. ಮಾತು ಕೊಟ್ಟಾಗಿತ್ತು. ನಾಲ್ಕು ತಿಂಗಳು ಆಡಿ ಆಡಿ ಹೆಬ್ಬೆರಳು ಊದಿಸಿಕೊಂಡಳು. ಐದನೇ ತಿಂಗಳು ಮೊದಲ ವಿಮರ್ಶೆ ಅಚ್ಚಾಯಿತು. ಅಂದಿನಿಂದ ಅವಳದೊಂದು ಕಟ್ಟುನಿಟ್ಟು: ಪ್ರತಿ ಆಟವನ್ನೂ ಕೊನೆಯವರೆಗೆ ಎರಡು ಸಲ ಆಡಬೇಕು. ಮೊದಲ ಸಲ ಸದ್ದಿನೊಂದಿಗೆ. ಎರಡನೇ ಸಲ ಸದ್ದು ಮುಚ್ಚಿ, ಪಕ್ಕದಲ್ಲಿ ನೋಟ್‌ಪುಸ್ತಕ ಇಟ್ಟುಕೊಂಡು, ಗೋಡೆಯ ಮೇಲಿನ ಬರಹ, ಬಾಗಿಲ ಮೇಲಿನ ನಂಬರು ಎಲ್ಲ ಬರೆದುಕೊಳ್ಳುತ್ತ. ಸದ್ದು ಇದ್ದರೆ ಭಯ ಸುಲಭವಾಗಿ ಹುಟ್ಟುತ್ತದೆ. ಸದ್ದಿಲ್ಲದೆಯೂ ಭಯವಾದರೆ ಮಾತ್ರ ಆಟ ಮಾಡಿದವನಿಗೆ ಕೆಲಸ ಗೊತ್ತಿದೆ ಎಂದು ಅವಳ ಲೆಕ್ಕ.

ಮನೆಯಲ್ಲಿ ಅವಳೂ ಅಮ್ಮನೂ ಇಬ್ಬರೇ. ಅಮ್ಮನಿಗೆ ಎಂಬತ್ತು ತುಂಬಿದೆ. ಮೂವತ್ತೊಂದು ವರ್ಷ ದೊಡ್ಡಾಸ್ಪತ್ರೆಯಲ್ಲಿ ಅಂಟುರೋಗದವರ ವಾರ್ಡಿನ ಆಯಾ ಆಗಿದ್ದವಳು. ಈಗ ಕಿವಿ ಹೆಚ್ಚುಕಡಿಮೆ ಹೋಗಿದೆ, ಬಾಯಿ ಮಾತ್ರ ಗಟ್ಟಿಯಾಗಿದೆ. ಅಮ್ಮ ಬಾಯಿಂದ ಕೇಳುತ್ತಾಳೆ, ಮಗಳು ಕೈಯಿಂದ ಉತ್ತರ ಕೊಡುತ್ತಾಳೆ. ಆ ಕೈಮಾತು ವಾರ್ಡಿನಿಂದಲೇ ಮನೆಗೆ ಬಂದದ್ದು. ಮೂಗು ಬಾಯಿ ಬಿಗಿದು ಕಟ್ಟಿಕೊಂಡು ದುಡಿಯುವ ಕಡೆ ಆಯಾಗಳು, ನರ್ಸುಗಳು ದೂರದಿಂದ ಕೈಯಲ್ಲೇ ಮಾತಾಡಿಕೊಳ್ಳುತ್ತಿದ್ದರಂತೆ: ನೀರು ತಾ, ನಿಲ್ಲು, ಈ ಹಾಸಿಗೆ ಮುಗಿಯಿತು. ಮಗಳು ಚಿಕ್ಕಂದಿನಿಂದ ಅದನ್ನು ನೋಡಿ ಬೆಳೆದವಳು. ಹಾಗಾಗಿ ಅಮ್ಮನಿಗೆ ಉತ್ತರ ಹೇಳಬೇಕಾದರೆ ಅವಳ ಎರಡು ಕೈಯೂ ಖಾಲಿ ಇರಬೇಕು.

ಹೀಗಿರುವಾಗ ಆ ಆಟ ಬಂತು. ಹೆಸರು 'ಹದಿನೇಳನೇ ವಾರ್ಡು'. ಹಳಿಯ ಮೇಲೆ ಸಾಗುವ ಶೂಟಿಂಗ್ ಆಟ. ಇಂಥ ಆಟದಲ್ಲಿ ಆಡುವವರಿಗೆ ಕಾಲಿಲ್ಲ. ನಿಲ್ಲುವಂತಿಲ್ಲ, ಓಡುವಂತಿಲ್ಲ, ಹಿಂದೆ ತಿರುಗುವಂತಿಲ್ಲ. ಗಾಡಿ ತನ್ನಷ್ಟಕ್ಕೆ ಹೋಗುತ್ತದೆ, ಕೂತವರು ಗುರಿ ಇಟ್ಟು ಹೊಡೆಯಬೇಕು, ಅಷ್ಟೆ. ಆಟ ಬಲ್ಲವರೆನಿಸಿಕೊಂಡವರಿಗೆ ಇದೆಂದರೆ ತಾತ್ಸಾರ, ಮಕ್ಕಳಾಟ ಎಂದು ಮೂಗು ಮುರಿಯುತ್ತಾರೆ. ಪ್ರೂಫಕ್ಕನಿಗೆ ಇದೇ ಇಷ್ಟ. ಇಪ್ಪತ್ತಾರು ವರ್ಷ ಬೇರೆಯವರು ಹಾಕಿದ ಸಾಲಿನ ಮೇಲೇ ಕಣ್ಣು ಓಡಿಸಿದವಳಿಗೆ ಬೇರೆಯವರು ಹಾಕಿದ ಹಳಿ ಹೊಸದೇನಲ್ಲ.

ಕಥೆ ಹೀಗೆ. ನಕ್ಷತ್ರಗಳ ನಡುವೆ ಇನ್ನೂರು ವರ್ಷದಿಂದ ತೇಲುತ್ತಿರುವ ಆಸ್ಪತ್ರೆ ಹಡಗು. ದೀಪ ಅರ್ಧಕ್ಕರ್ಧ ಕೆಟ್ಟಿದೆ. ನಿಮಗೆ ಎಚ್ಚರವಾದಾಗ ರೋಗಿಗಳನ್ನು ಸಾಗಿಸುವ ತಳ್ಳುಗಾಡಿಯ ಮೇಲೆ ಒರಗಿದ್ದೀರಿ, ಕೈಯಲ್ಲಿ ಬಂದೂಕಿದೆ, ಗಾಡಿ ಹೊರಟಿದೆ. ಓಣಿಗಳ ಕತ್ತಲಿನಿಂದ ಅವು ಬರುತ್ತವೆ. ಮುಖ ಇರಬೇಕಾದ ಕಡೆ ಬಿಳಿ ಬೂಷ್ಟು, ಮೊಣಕೈಯಿಂದ ಹೊರಟ ಇನ್ನೊಂದು ಮೊಣಕೈ. ಹೊಡೆದರೆ ಕಿರುಚಿ ಮೈಮೇಲೆ ಎಗರುತ್ತವೆ. ಪತ್ರಿಕೆಯ ಹಿಂಬದಿ ಪುಟದಲ್ಲಿ ಆಟದ ವಿತರಕ ಕೊಟ್ಟ ಜಾಹೀರಾತು ಅದಾಗಲೇ ಬಂದಿತ್ತು: 'ಸಾವಿರ ಶತ್ರುಗಳು! ಒಂದನ್ನೂ ಬಿಡಬೇಡಿ!'

ಶನಿವಾರ ಅವಳು ಒಂದನ್ನೂ ಬಿಡಲಿಲ್ಲ. ಆಟ ಮುಗಿಯಿತು. ಪರವಾಗಿಲ್ಲ, ಆದರೆ ಏನೋ ತಪ್ಪಿದೆ ಅನ್ನಿಸಿತು. ಭಾನುವಾರ ಸದ್ದು ಮುಚ್ಚಿ ಎರಡನೇ ಸಲ ಶುರು ಮಾಡಿದಳು. ಅಮ್ಮ ಟೀ ಲೋಟ ಹಿಡಿದು ಬಂದು ಪಕ್ಕದಲ್ಲಿ ಕೂತಳು. ಮೂರನೇ ಹಂತದ ಉದ್ದನೆಯ ಓಣಿ ಬಂತು. ದೂರದಲ್ಲಿ ಒಂದು ಪ್ರಾಣಿ ಎದ್ದು ನಿಂತಿತು. ಅಮ್ಮ ಮಗಳ ತೋಳು ಜಗ್ಗಿದಳು.

"ಯಾಕೇ ಅವನಿಗೆ ಹೊಡೀತೀಯ?"

ಪ್ರೂಫಕ್ಕ ಬಂದೂಕನ್ನು ತೊಡೆಯ ಮೇಲಿಟ್ಟು ಕೈಯಲ್ಲಿ ಹೇಳಿದಳು, ಹೊಡೆಯದಿದ್ದರೆ ಅದು ನನ್ನನ್ನು ತಿನ್ನುತ್ತದೆ.

"ತಿನ್ನೋದೂ ಇಲ್ಲ ಮಣ್ಣೂ ಇಲ್ಲ. ಅವನ ಕೈ ನೋಡೇ ಮೊದಲು. ಎರಡೂ ಅಂಗೈ ಮುಂದೆ, ಆಮೇಲೆ ಎಡಗೈ ಪಕ್ಕಕ್ಕೆ. ಗಾಡಿ ಒಳಗೆ ತರಬೇಡ, ಆ ಬಾಗಿಲಿಂದ ಹೋಗು ಅಂತಿದ್ದಾನೆ. ಮೂವತ್ತೊಂದು ವರ್ಷ ನಾನು ಬಾಗಿಲಲ್ಲಿ ನಿಂತು ಇನ್ನೇನು ಮಾಡಿದ್ದು?"

ಮಗಳು ಟೀವಿಯ ಕಡೆ ತಿರುಗಿದಳು. ಅಷ್ಟು ಹೊತ್ತಿಗೆ ಅವಳು ಸತ್ತಿರಬೇಕಿತ್ತು. ಸತ್ತಿರಲಿಲ್ಲ. ಆ ಪ್ರಾಣಿ ಗೋಡೆಗೆ ಒತ್ತಿ ನಿಂತು ದಾರಿ ಬಿಟ್ಟಿತ್ತು. ಗಾಡಿ ಗಡಗಡ ನಡುಗಿ ಎಡಕ್ಕೆ ಹೊರಳಿ, ಹಿಂದಿನ ದಿನ ಕಂಡೇ ಇರದ ಬಾಗಿಲೊಂದರೊಳಗೆ ಹೋಯಿತು. ಒಳಗೆ ಗಾಜಿನ ಗೋಡೆ. ಗಾಜಿನಲ್ಲಿ ಗಾಡಿಯ ಬಿಂಬ, ಗಾಡಿಯ ಮೇಲೆ ಒರಗಿದವನ ಬಿಂಬ, ಅವನ ಮುಖದ ತುಂಬ ಬಿಳಿ ಬೂಷ್ಟು.

ಮುಂದಿನ ಗೋಡೆಗಳ ಮೇಲಿನ ಬರಹ ಓದುತ್ತ ಹೋದಂತೆ ತಿಳಿಯಿತು: ಹಡಗಿಗೆ ರೋಗ ತಂದವನು ಗಾಡಿಯ ಮೇಲಿರುವವನೇ. ಓಣಿಗಳಲ್ಲಿ ಎದ್ದು ನಿಲ್ಲುತ್ತಿದ್ದವರು ಆಸ್ಪತ್ರೆಯ ಸಿಬ್ಬಂದಿ. ರೋಗ ತಮಗೇ ತಗುಲಿ ಮೈ ಮುಖ ಕೊಳೆತ ಮೇಲೂ, ಒಳಗೆ ಇನ್ನೂ ಆರೋಗ್ಯವಾಗಿ ಮಲಗಿದ್ದ ನಲವತ್ತು ಜನರ ಹತ್ತಿರ ಅವನು ಹೋಗದಂತೆ ತಡೆಯುತ್ತಿದ್ದರು.

ಅಮ್ಮ ಲೋಟ ಕೆಳಗಿಟ್ಟಳು. "ಪಾಪ, ಡ್ಯೂಟಿ ಮೇಲಿದ್ದಾರೆ," ಎಂದಳು. ಆಮೇಲೆ, "ನಮ್ಮ ವಾರ್ಡಲ್ಲೂ ಇಬ್ಬರು ಹೀಗೇ ಹೋದ್ರು. ಕೊನೇ ದಿನದ ತನಕ ಬಾಗಿಲು ಬಿಡಲಿಲ್ಲ," ಎಂದು ಕಣ್ಣೊರೆಸಿಕೊಂಡಳು. ಆರು ವರ್ಷದಲ್ಲಿ ಯಾವ ಭಯದ ಆಟವೂ ಪ್ರೂಫಕ್ಕನನ್ನು ಅಳಿಸಿರಲಿಲ್ಲ. ಅಂದು ಅಮ್ಮನ ಪಕ್ಕ ಕೂತು ಅತ್ತಳು. ಹಿಂದಿನ ದಿನ ತಾನು ಕೊಂದದ್ದು ಎಷ್ಟು ಜನರನ್ನು ಎಂದು ಅವಳಿಗೆ ನೆನಪಿತ್ತು.

ವಿಮರ್ಶೆಯನ್ನು ಒಂದೇ ಏಟಿಗೆ ಬರೆದಳು. ಅದರ ಕೊನೆಯ ಭಾಗ ಹೀಗಿತ್ತು: 'ಗುರಿ ಇಡುವವರಿಗೆ ತಲೆ ಕಾಣುತ್ತದೆ, ಕೈ ಕಾಣುವುದಿಲ್ಲ. ನನಗೂ ಕಂಡಿರಲಿಲ್ಲ, ನನ್ನ ತಾಯಿಗೆ ಕಂಡಿತು. ಮೂರನೇ ಹಂತದಲ್ಲಿ ಗುಂಡು ಹಾರಿಸಬೇಡಿ. ನಿಜವಾದ ಆಟ ಅಲ್ಲಿಂದ ಶುರುವಾಗುತ್ತದೆ, ನಿಜವಾದ ಭಯವೂ. ಸಾವಿರ ಶತ್ರುಗಳು ಎನ್ನುವ ಜಾಹೀರಾತು ಸುಳ್ಳು. ಹದಿನೇಳನೇ ವಾರ್ಡಿನಲ್ಲಿ ಶತ್ರುಗಳಿಲ್ಲ.'

ಗುರುವಾರ ಪತ್ರಿಕೆ ಬಂತು. ಸೋಮವಾರ ಕಾಗದಗಳು ಬಂದವು. 'ನಿಮ್ಮ ಮಾತು ನಂಬಿ ಗುಂಡು ಹಾರಿಸದೆ ಕೂತೆ, ಎಂಟು ಸಲ ಸತ್ತೆ' ಎಂದು ಒಬ್ಬ. 'ಮೂರು ಸೆಕೆಂಡೂ ಬದುಕಲಿಲ್ಲ' ಎಂದು ಇನ್ನೊಬ್ಬ. 'ಮುಂದಿನ ಸಲ ನಿಮ್ಮ ತಾಯಿಯವರಿಂದಲೇ ಬರೆಸಿ, ನಗುವುದಕ್ಕಾದರೂ ಆಗುತ್ತದೆ' ಎಂದು ಮತ್ತೊಬ್ಬ. ಪ್ರೂಫಕ್ಕ ಅಂದೇ ಮನೆಗೆ ಹೋಗಿ ಪುನಃ ಆಡಿದಳು. ಅಮ್ಮ ಪಕ್ಕದಲ್ಲಿ ಕೂತು ಅದೂ ಇದೂ ಕೇಳುತ್ತಲೇ ಇದ್ದಳು, ಮಗಳು ಉತ್ತರಿಸುತ್ತಲೇ ಇದ್ದಳು. ಗಾಡಿ ಎಡಕ್ಕೆ ಹೊರಳಿತು. ಹಾಗಾದರೆ ಇವರೆಲ್ಲ ಹೇಗೆ ಸತ್ತರು? ಅವಳಿಗೆ ಬಗೆಹರಿಯಲಿಲ್ಲ.

ಮಂಗಳವಾರ ಸಂಪಾದಕರು ಕರೆಸಿದರು. ಒಳ್ಳೆಯ ಮನುಷ್ಯ. ಆದರೆ ಹಾವೂ ಸಾಯಬಾರದು ಕೋಲೂ ಮುರಿಯಬಾರದು ಎನ್ನುವ ಜಾತಿ. ಮೂವತ್ತು ವರ್ಷದ ಸಂಪಾದಕೀಯಗಳಲ್ಲಿ ಅಡ್ಡಗೋಡೆಯ ಮೇಲೆ ದೀಪ ಇಟ್ಟು ಇಟ್ಟು ಗೋಡೆಯೇ ಸವೆದಿತ್ತು. ಅವರೆದುರು ವಿತರಕ ಕೂತಿದ್ದ. ನುಣ್ಣಗೆ ಬೋಳಿಸಿದ ಮುಖ, ಹೊಳೆಯುವ ಬೂಟು, ಮಾತಿಗೊಂದು ಮೇಡಂ.

"ಮೇಡಂ, ಹದಿನಾಲ್ಕು ಪತ್ರಿಕೆಯವರು ಆಡಿದ್ದಾರೆ ಮೇಡಂ. ಒಬ್ಬರಿಗೂ ನೀವು ಹೇಳೋ ಆ ಬಾಗಿಲು ಸಿಕ್ಕಿಲ್ಲ. ನಾನೇ ಆಡಿ ನೋಡಿದೆ, ಸತ್ತೆ. ಅಲ್ಲಿ ಇಲ್ಲದ್ದನ್ನ ಬರೆದು ನಮ್ಮ ಜಾಹೀರಾತು ಸುಳ್ಳು ಅಂತ ಬೇರೆ ಬರೆದಿದ್ದೀರಿ."

"ನಾನು ಕಂಡದ್ದನ್ನ ಬರೆದಿದ್ದೀನಿ."

"ಕಂಡದ್ದು ನೀವೋ ನಿಮ್ಮ ತಾಯಿಯವರೋ?" ಎಂದು ನಕ್ಕ. "ವಯಸ್ಸಾದವರು, ಪಾಪ, ಏನೋ ಕನಸು ಕಂಡಿರ್ತಾರೆ. ಅದನ್ನ ವಿಮರ್ಶೆ ಅಂತ ಅಚ್ಚು ಹಾಕೋದಾ?"

ಸಂಪಾದಕರು ಗಂಟಲು ಸರಿಮಾಡಿಕೊಂಡರು. "ನೋಡಿ ಪ್ರೂಫಕ್ಕ, ಒಂದು ಸಣ್ಣ ಕ್ಷಮೆ ಹಾಕಿಬಿಡೋಣ. ಹೊಟ್ಟೆಗೆ ಹಾಕ್ಕೊಳ್ಳಿ. ವಿಷಯ ಅಲ್ಲಿಗೆ ಮುಗಿಯುತ್ತೆ."

"ತಪ್ಪು ಮಾಡಿದ್ರೆ ತಿದ್ಕೋತೀನಿ ಸಾರ್. ಮಾಡದ ತಪ್ಪಿಗೆ ಕ್ಷಮೆ ಕೇಳಲ್ಲ. ನಾಳೆ ಇಲ್ಲೇ, ನಿಮ್ಮ ಕಣ್ಮುಂದೆ ಆಡಿ ತೋರಿಸ್ತೀನಿ."

"ತೋರಿಸೋಕಾಗದಿದ್ರೆ?" ಎಂದ ವಿತರಕ.

"ಕ್ಷಮೆಯನ್ನೂ ನಾನೇ ಬರೀತೀನಿ, ಅಂಕಣವನ್ನೂ ಬಿಡ್ತೀನಿ."

ಯಾರೂ ಕೇಳದ ಪಣವನ್ನು ತಾನಾಗಿಯೇ ಕಟ್ಟುವ ಈ ಚಾಳಿ ಅವಳಿಗೆ ಮೊದಲಿನಿಂದಲೂ ಇತ್ತು. ಮನೆಗೆ ಹೋಗಿ ಅಮ್ಮನಿಗೆ ಹೇಳಿದಾಗ ಅಮ್ಮ ಸೀದಾ ಬೀರುವಿನಿಂದ ಒಳ್ಳೆಯ ಸೀರೆ ತೆಗೆದಳು. "ಕನಸು ಅಂದ್ನಾ? ನಾನೂ ಬರ್ತೀನಿ. ಅವನ ಮುಖ ನೋಡ್ಬೇಕು." ಮಗಳು ಬೇಡ, ಮೆಟ್ಟಿಲು ಜಾಸ್ತಿ, ಲಿಫ್ಟು ಕೈಕೊಟ್ಟರೆ ಕಷ್ಟ ಎಂದು ಕೈ ಆಡಿಸಿದಳು. ಅಮ್ಮ ಜಪ್ಪಯ್ಯ ಎಂದರೂ ಕೇಳಲಿಲ್ಲ.

ಬುಧವಾರ ಹನ್ನೊಂದು ಗಂಟೆಗೆ ಸಂಪಾದಕರ ಕೋಣೆಗೆ ಸ್ವಾಗತಕಟ್ಟೆಯ ಟೀವಿ ಬಂತು. ಸಂಪಾದಕರು, ವಿತರಕ, ಟೀವಿಗೆ ವೈರು ಜೋಡಿಸಲು ಬಂದು ಅಲ್ಲೇ ಉಳಿದುಕೊಂಡ ಪುಟ ಕಟ್ಟುವವನು, ಮೂಲೆಯ ಕುರ್ಚಿಯಲ್ಲಿ ಅಮ್ಮ. ಪ್ರೂಫಕ್ಕ ಬಂದೂಕು ಹಿಡಿದು ಕೂತಳು. ಮೊದಲ ಎರಡು ಹಂತ ಸರಾಗವಾಗಿ ದಾಟಿದಳು. ಪುಟ ಕಟ್ಟುವವನು ಒಂದೆರಡು ಸಲ ಶಿಳ್ಳೆ ಹಾಕಿದ. ಮೂರನೇ ಹಂತ ಬಂತು. ಉದ್ದನೆಯ ಓಣಿ. ಪ್ರಾಣಿ ಎದ್ದು ನಿಂತಿತು. ಅವಳು ಬಂದೂಕನ್ನು ಅದರತ್ತ ಹಿಡಿದು, ಗುಂಡಿ ಒತ್ತದೆ, ಉಸಿರು ಬಿಗಿಹಿಡಿದು ಕಾದಳು.

ಪ್ರಾಣಿ ಎಗರಿತು. ಪರದೆ ಕೆಂಪಾಯಿತು. ಸತ್ತಳು.

ಎರಡನೇ ಸಲ ಸತ್ತಳು. ಮೂರನೇ ಸಲವೂ ಸತ್ತಳು. ಅಂಗೈ ಬೆವೆತು ಬಂದೂಕು ಜಾರತೊಡಗಿತು.

"ಮನೇಲಿ ಆಗಿತ್ತು ಸಾರ್," ಎಂದಳು. ತನ್ನ ದನಿ ತನಗೇ ಸಣ್ಣದಾಗಿ ಕೇಳಿತು. "ಇಲ್ಲಿ ಯಾಕೋ..."

"ಕುಣಿಯಲಾರದವಳು ನೆಲ ಡೊಂಕು ಅಂದಳಂತೆ," ಎಂದ ವಿತರಕ. ಈ ಸಲ ಮೇಡಂ ಅನ್ನಲಿಲ್ಲ.

ಪ್ರೂಫಕ್ಕನ ಕಿವಿ ಬಿಸಿಯಾಯಿತು. ಎದ್ದು ಹೋಗಬಹುದಿತ್ತು. ಆರು ವರ್ಷದ ಅಂಕಣ, ಒಂದು ಸಹಿ ಹಾಕಿದರೆ ಮುಗಿಯುತ್ತಿತ್ತು. ಅವಳು ಎದ್ದೇಳಲಿಲ್ಲ. ನಾಲ್ಕನೇ ಸಲ ಶುರು ಮಾಡಿದಳು. ಓಣಿ ಬಂತು. ಪ್ರಾಣಿ ಎದ್ದು ನಿಲ್ಲುವುದಕ್ಕೂ ಮೂಲೆಯ ಕುರ್ಚಿಯಿಂದ ಎದ್ದು ಬಂದ ಅಮ್ಮ ತೋಳು ಜಗ್ಗುವುದಕ್ಕೂ ಸರಿಹೋಯಿತು. ಕಿವಿ ಕೇಳದವರು ಮಾತಾಡುವ ಹಾಗೆ, ಇಡೀ ಮಹಡಿಗೆ ಕೇಳುವಂತೆ ಕೇಳಿದಳು:

"ಇಲ್ಲಿ ಬಾತ್‌ರೂಮ್ ಎಲ್ಲಿದೆಯೇ?"

ಪುಟ ಕಟ್ಟುವವನು ಫಕ್ಕನೆ ನಕ್ಕ. ಪ್ರೂಫಕ್ಕ ಏನೂ ಯೋಚಿಸದೆ ಬಂದೂಕನ್ನು ತೊಡೆಯ ಮೇಲಿಟ್ಟು, ಅಮ್ಮನ ಕಡೆ ಪೂರ್ತಿ ತಿರುಗಿ ಕೈಯಾಡಿಸಿದಳು. ಒಂದು ನಿಮಿಷ ತಡಿ ಅಮ್ಮ, ಇದು ಮುಗಿಯಲಿ, ನಾನೇ ಕರ್ಕೊಂಡು ಹೋಗ್ತೀನಿ. ಅಮ್ಮ, "ಬೇಗ ಮುಗಿಸು ಮತ್ತೆ," ಎಂದಳು.

"ಅಕ್ಕಾ," ಎಂದ ಪುಟ ಕಟ್ಟುವವನು. "ಅಕ್ಕಾ, ಟೀವಿ ನೋಡಿ!"

ಪ್ರಾಣಿ ಗೋಡೆಗೆ ಒತ್ತಿ ನಿಂತಿತ್ತು. ಗಾಡಿ ಎಡಕ್ಕೆ ಹೊರಳಿತ್ತು. ಬಾಗಿಲು ತೆರೆಯಿತು, ಗಾಜಿನ ಗೋಡೆ ಬಂತು, ಗಾಜಿನಲ್ಲಿ ಮುಖ ಬಂತು. ಸಂಪಾದಕರು ಕನ್ನಡಕ ತೆಗೆದು ಮತ್ತೆ ಹಾಕಿಕೊಂಡರು. ವಿತರಕನ ಮುಖ ಹುಳ್ಳಗಾಯಿತು.

ಪ್ರೂಫಕ್ಕ ತೊಡೆಯ ಮೇಲಿನ ಬಂದೂಕನ್ನೇ ನೋಡುತ್ತ ಕೂತಳು. ಈಗ ತಿಳಿಯಿತು. ಗುಂಡು ಹಾರಿಸದಿದ್ದರೆ ಸಾಲದು. ಬಂದೂಕಿನ ಮೂತಿ ಅವರ ಮೇಲಿರುವವರೆಗೆ ಅವರು ನಂಬುವುದಿಲ್ಲ. ಯಾರು ತಾನೇ ನಂಬುತ್ತಾರೆ? ಮನೆಯಲ್ಲಿ ಪ್ರತಿ ಸಲ ಅಮ್ಮ ಮಾತಾಡಿಸಿದ್ದಳು, ಪ್ರತಿ ಸಲ ಬಂದೂಕು ಕೆಳಗಿಳಿದಿತ್ತು. ಊರಿನವರ ತಪ್ಪನ್ನೆಲ್ಲ ಹುಡುಕುವ ಹೆಂಗಸು ತನ್ನ ಕೈಯನ್ನೇ ನೋಡಿಕೊಂಡಿರಲಿಲ್ಲ. ಖಚಿತ ಮಾಡಿಕೊಳ್ಳಲು ಇನ್ನೆರಡು ಸಲ ಆಡಿದಳು: ಗುರಿಯಿಟ್ಟು ಸುಮ್ಮನೆ ಕೂತಾಗ ಸತ್ತಳು, ತೊಡೆಯ ಮೇಲಿಟ್ಟಾಗ ಬಾಗಿಲು ತೆರೆಯಿತು. ಆಮೇಲೆ ಅಮ್ಮನನ್ನು ಬಾತ್‌ರೂಮಿಗೆ ಕರೆದುಕೊಂಡು ಹೋದಳು.

ವಾಪಸು ಬಂದಾಗ ಸಂಪಾದಕರು ಗೆಲುವಾಗಿದ್ದರು. "ಆಯ್ತಲ್ಲ ಪ್ರೂಫಕ್ಕ, ನೀವು ಹೇಳಿದ್ದು ಸರಿ. ಇನ್ನು ಯಾರೂ ಏನೂ ಬರೆಯೋದು ಬೇಡ. ಇಲ್ಲಿಗೇ ಬಿಟ್ಟುಬಿಡೋಣ."

"ಬಿಡೋಕಾಗಲ್ಲ ಸಾರ್. ನಾನು ಗುಂಡು ಹಾರಿಸಬೇಡಿ ಅಂತ ಬರೆದೆ, ಬಂದೂಕು ಕೆಳಗಿಡಿ ಅಂತ ಬರೀಬೇಕಿತ್ತು. ಅದನ್ನ ನಂಬಿ ಜನ ಸತ್ತಿದ್ದಾರೆ. ತಿದ್ದುಪಡಿ ಹಾಕ್ಲೇಬೇಕು."

"ಆಟದಲ್ಲಿ ತಾನೇ ಸತ್ತಿದ್ದು!"

"ನನ್ನ ಬರಹದಿಂದ ತಾನೇ ಸತ್ತಿದ್ದು."

ಸಂಪಾದಕರು ಒಪ್ಪಿದರು, ಒಪ್ಪದೆ ಬೇರೆ ದಾರಿ ಇರಲಿಲ್ಲ. ಅವಳು ಮೇಜಿಗೆ ಬಂದು ಬರೆದಳು: 'ಕಳೆದ ವಾರದ ವಿಮರ್ಶೆಯಲ್ಲಿ ಒಂದು ತಪ್ಪಿತ್ತು, ತಪ್ಪು ನನ್ನದು. ಮೂರನೇ ಹಂತದಲ್ಲಿ ಗುಂಡು ಹಾರಿಸದಿದ್ದರಷ್ಟೇ ಸಾಲದು, ಬಂದೂಕನ್ನು ಕೆಳಗಿಡಬೇಕು. ಇದನ್ನು ಬರೆಯದೆ ಹೋದದ್ದರಿಂದ ಸತ್ತ ಓದುಗರು ಇನ್ನೊಮ್ಮೆ ಆಡಿ ನೋಡಲಿ. ಉಳಿದಂತೆ ವಿಮರ್ಶೆಯ ಪ್ರತಿ ಮಾತೂ ಹಾಗೆಯೇ ನಿಲ್ಲುತ್ತದೆ. ಜಾಹೀರಾತು ಸುಳ್ಳು ಎಂದದ್ದೂ.'

ವಾರಪತ್ರಿಕೆಯ ಪುಟಗಳು ಬುಧವಾರ ಸಂಜೆ ನಾಲ್ಕಕ್ಕೆ ಮುಗಿಯುತ್ತವೆ. ಯಾರು ಬರೆದಿರಲಿ, ಯಾರು ತಿದ್ದಿರಲಿ, ಕಟ್ಟಿದ ಪುಟದ ಮೇಲೆ ಕೊನೆಯ ಕಣ್ಣು ಕರಡು ತಿದ್ದುವವಳದು. ಅವಳು ಸಹಿ ಹಾಕಿದ ಮೇಲೆ ಅದು ನೇರವಾಗಿ ಕೆಳಗಿನ ಅಚ್ಚುಮನೆಗೆ ಇಳಿಯುತ್ತದೆ, ಮತ್ತೆ ಸಂಪಾದಕರ ಕೋಣೆಗೆ ಏರುವುದಿಲ್ಲ. ಆ ಸಂಜೆ ಆಟದ ಪುಟ ಬಂದಾಗ ಅವಳ ತಿದ್ದುಪಡಿ ಸರಿಯಾದ ಜಾಗದಲ್ಲೇ ಇತ್ತು. ಅದರ ಕೆಳಗೆ ಅವಳು ಬರೆಯದ ಒಂದು ಸಾಲಿತ್ತು: 'ಆಟದ ಅನುಭವವಿಲ್ಲದ ವ್ಯಕ್ತಿಯೊಬ್ಬರ ಮಾತನ್ನು ವಿಮರ್ಶೆಯಲ್ಲಿ ಸೇರಿಸಿದ್ದಕ್ಕೆ ಪತ್ರಿಕೆ ವಿಷಾದಿಸುತ್ತದೆ. - ಸಂಪಾದಕ.'

ಪುಟ ಕಟ್ಟುವವನು ಅವಳ ಮುಖ ನೋಡದೆ ಹೇಳಿದ. "ವಿತರಕ ಫೋನ್ ಮಾಡಿದ್ದ ಅಕ್ಕ. ನನ್ನ ಮಾತಿಗೂ ಒಂದು ಬೆಲೆ ಬೇಡ್ವಾ ಅಂದ್ನಂತೆ. ಇಲ್ಲದಿದ್ರೆ ವರ್ಷದ ಜಾಹೀರಾತು ನಿಲ್ಲಿಸ್ತಾನಂತೆ. ಒಂದು ಸಾಲು ತಾನೇ ಅಂತ ಸಾರ್ ಹಾಕ್ಸಿದ್ರು. ನಿಮ್ಮ ಬಗ್ಗೆ ಏನೂ ಇಲ್ಲವಲ್ಲ, ಬಿಟ್ಟುಬಿಡಿ."

ಅವನು ಹೇಳಿದ್ದು ನಿಜ, ಅವಳ ಬಗ್ಗೆ ಅದರಲ್ಲಿ ಏನೂ ಇರಲಿಲ್ಲ. ಅವಳು ಆ ಸಾಲನ್ನು ಇನ್ನೊಮ್ಮೆ ಓದಿದಳು. ಬಾಗಿಲು ಬಿಡದೆ ಹೋದ ಆ ಇಬ್ಬರನ್ನು ಅವಳು ಕಂಡಿರಲಿಲ್ಲ. ಆದರೆ ಡ್ಯೂಟಿ ಮುಗಿಸಿ ಬಂದ ಅಮ್ಮ ಮಗಳನ್ನು ಮುಟ್ಟುವ ಮೊದಲು ಹಿತ್ತಲ ನಲ್ಲಿಯಡಿ 'ದೂರ ನಿಲ್ಲು' ಎಂದು ಅಂಗೈ ತೋರಿಸುತ್ತ ತೋಳಿನವರೆಗೆ ಕೈ ಉಜ್ಜಿ ತೊಳೆಯುತ್ತಿದ್ದದ್ದನ್ನು ದಿನಾ ಕಂಡಿದ್ದಳು. ಕೆಂಪು ಪೆನ್ನು ತೆಗೆದು ಆ ಸಾಲಿನ ಉದ್ದಕ್ಕೂ ಒಂದು ಗೆರೆ ಎಳೆದಳು, ಅಂಚಿನಲ್ಲಿ ತೆಗೆಯಿರಿ ಎಂಬ ಗುರುತು ಹಾಕಿದಳು, ಸಹಿ ಮಾಡಿ ಪುಟವನ್ನು ಅವನ ಕೈಗೆ ಕೊಟ್ಟಳು.

"ಅಕ್ಕ, ನನ್ನ ಕೆಲಸಕ್ಕೆ..."

"ಸಹಿ ನನ್ನದು. ಯಾರಾದ್ರೂ ಕೇಳಿದ್ರೆ ತೋರಿಸು."

ಗುರುವಾರ ಬೆಳಿಗ್ಗೆ ಸಂಪಾದಕರು ಅವಳನ್ನು ಕರೆಸಲಿಲ್ಲ. ಪತ್ರಿಕೆ ಹಿಡಿದುಕೊಂಡು ತಾವೇ ಅವಳ ಮೇಜಿಗೆ ಬಂದರು. ಸುತ್ತಲಿನವರೆಲ್ಲ ತಲೆ ತಗ್ಗಿಸಿ ತಮ್ಮ ತಮ್ಮ ಕೆಲಸದಲ್ಲಿ ಮುಳುಗಿದಂತೆ ಮಾಡಿದರು.

"ಒಂದು ಸಾಲು ಬಿಟ್ಟುಹೋಗಿದೆ."

"ಬಿಟ್ಟುಹೋಗಿಲ್ಲ ಸಾರ್. ನಾನು ತೆಗೆದೆ."

"ಯಾರನ್ನ ಕೇಳಿ?"

"ತಪ್ಪು ಕಂಡ್ರೆ ತೆಗೆಯೋಕೆ ಇಷ್ಟು ವರ್ಷದಲ್ಲಿ ನಾನು ಯಾರನ್ನೂ ಕೇಳಿಲ್ಲ."

ಸಂಪಾದಕರು ಪತ್ರಿಕೆಯನ್ನು ಮಡಿಸಿದರು. ದನಿಯಲ್ಲಿ ಸಿಟ್ಟಿಗಿಂತ ಸುಸ್ತೇ ಹೆಚ್ಚಿತ್ತು. "ಜಾಹೀರಾತು ಹೋಯ್ತು. ಅದರ ಜೊತೆ ನಿಮ್ಮ ಅಂಕಣಾನೂ ಹೋಗಬಹುದು, ಅದು ನನ್ನ ಕೈಲಿಲ್ಲ. ಗೆರೆ ಎಳೆಯುವಾಗ ಇದು ಗೊತ್ತಿತ್ತಾ?"

"ಗೊತ್ತಿತ್ತು ಸಾರ್."

"ಗೊತ್ತಿದ್ದೂ ಎಳೆದ್ರಾ? ಒಂದೇ ಒಂದು ಸಾಲು ಪ್ರೂಫಕ್ಕ. ಅಂಥಾ ತಪ್ಪು ಏನಿತ್ತು ಅದರಲ್ಲಿ?"

ಪ್ರೂಫಕ್ಕ ಪೆನ್ನಿನ ಮುಚ್ಚಳ ಹಾಕಿ ಎದ್ದು ನಿಂತಳು.

"ಅನುಭವ ಇಲ್ಲದ ವ್ಯಕ್ತಿ ಅಂತ ಬರೆದಿದ್ರಿ ಸಾರ್. ನಮ್ಮಮ್ಮನಿಗೆ ಮೂವತ್ತೊಂದು ವರ್ಷದ ಅನುಭವ."